ಗುಲಾಬಿ ಕಾರುಗಳ ಹಣೆಬರಹ

ಫಾರ್ಮುಲಾ 1 ಕಾರುಗಳು ಓಡುವ ಬೆಲ್ಜಿಯಂನ ಸ್ಪಾ ಟ್ರ್ಯಾಕ್ ಎಂಥದೆಂದು ಹಾಸನ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಕಲೇಶಪುರದ ಕಡೆ ಮಳೆ ಹುಯ್ಯುತ್ತಿರುವಾಗ ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಬಿಸಿಲು ಸುಡುತ್ತಿರುತ್ತದೆ; ಅರಕಲಗೂಡು, ಹೊಳೆನರಸೀಪುರದವರು ಮೋಡ ಇತ್ತ ಬರುತ್ತದೋ ಇಲ್ಲವೋ ಎಂದು ತಲೆಯೆತ್ತಿ ನೋಡುತ್ತಾರೆ. ಇಷ್ಟೂ ಹವಾಮಾನವನ್ನು 7 ಕಿಲೋಮೀಟರ್ ರಸ್ತೆಗೆ ಸುತ್ತಿಟ್ಟರೆ ಅದೇ ಸ್ಪಾ. ಒಂದು ತಿರುವಿನಲ್ಲಿ ನೀರು ಚಿಮ್ಮುತ್ತಿರುತ್ತದೆ, ಮುಂದಿನದರಲ್ಲಿ ಡಾಂಬರು ಒಣಗಿರುತ್ತದೆ.

2018ರ ಆಗಸ್ಟ್ 26ರಂದು ಅಲ್ಲಿ ಮೊದಲ ಸುತ್ತಿನಲ್ಲೇ, ಕಾಡಿನ ನಡುವಿನ ಏರುದಾರಿಯಲ್ಲಿ ನಾಲ್ಕು ಕಾರುಗಳು ಒಂದೇ ಸಾಲಿಗೆ ಬಂದವು. ವೆಟೆಲ್‌ನ ಫೆರಾರಿ, ಹ್ಯಾಮಿಲ್ಟನ್‌ನ ಮರ್ಸಿಡಿಸ್, ಅವುಗಳೊಡನೆ ಎರಡು ಗುಲಾಬಿ ಬಣ್ಣದವು. ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ. ಗುಲಾಬಿ ಕಾರುಗಳಲ್ಲಿದ್ದವರು ಸೆರ್ಜಿಯೊ ಪೆರೆಜ್ ಮತ್ತು ಎಸ್ಟೆಬಾನ್ ಒಕಾನ್. ಇವರ ತಂಡ ತಿಂಗಳ ಹಿಂದಷ್ಟೇ ಲಂಡನ್ನಿನ ಕೋರ್ಟಿನಲ್ಲಿ ಹಣವಿಲ್ಲವೆಂದು ಕೈಯೆತ್ತಿತ್ತು ಎಂದರೆ ಆ ಹೊತ್ತಿನಲ್ಲಿ ಯಾರು ನಂಬುತ್ತಿದ್ದರು!

ಅದು ಫೋರ್ಸ್ ಇಂಡಿಯಾ. ಬಂಟ್ವಾಳ ಮೂಲದ ಮನೆತನದ, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಡನೆ ಕೊಂಡ ತಂಡ. ದೊಡ್ಡ ತಂಡಗಳ ಮುಂದೆ ಇದರ ಖರ್ಚು ಅಲ್ಪ. ಆದರೆ ಬುದ್ಧಿಗೆ ಬಡತನವಿರಲಿಲ್ಲ. ಟೈರು ಸವೆಸದೆ ಓಡಿಸುವುದರಲ್ಲಿ ಪೆರೆಜ್ ಪಳಗಿದವರು. ಪಿಟ್ ಗೋಡೆಯ ಬಳಿ ಹೆಡ್‌ಫೋನ್ ಹಾಕಿ ಪರದೆ ನೋಡುತ್ತ ಕೂತ ತಂಡದ ತಂತ್ರಗಾರರು ಅದನ್ನೇ ಬಂಡವಾಳ ಮಾಡಿಕೊಂಡರು. ಮಳೆ ಬಿದ್ದು ನಿಂತ 2016ರ ಮೊನಾಕೊ ರೇಸಿನಲ್ಲಿ ಟೈರು ಬದಲಿಸುವ ಹೊತ್ತು ಕರಾರುವಾಕ್ಕಾಗಿ ಹಿಡಿದು ಪೆರೆಜ್ ಮೂರನೆಯವರಾದರು. 2016, 2017 ಎರಡೂ ವರ್ಷ ತಂಡಕ್ಕೆ ನಾಲ್ಕನೇ ಸ್ಥಾನ.

ವರ್ಷದ ಕೊನೆಗೆ ತಂಡ ಯಾವ ಸ್ಥಾನದಲ್ಲಿದೆ ಎಂಬುದರ ಮೇಲೆ ಬಹುಮಾನದ ಹಣ ನಿಂತಿದೆ. ಹಾಗಾಗಿ 2017ರಲ್ಲಿ ಇದೇ ಸ್ಪಾದಲ್ಲಿ ಪೆರೆಜ್ ಮತ್ತು ಒಕಾನ್ ಒಬ್ಬರಿಗೊಬ್ಬರು ಗುದ್ದಿಕೊಂಡಾಗ ಒಡೆದದ್ದು ಕಾರಿನ ಮುಂದಿನ ರೆಕ್ಕೆ, ಟೈರು ಮಾತ್ರವಲ್ಲ, ಕಾರ್ಖಾನೆಯ ಗಳಿಕೆ ಕೂಡ. ಅಂದಿನಿಂದ ಇಬ್ಬರಿಗೂ ತಂಡದ ಕಟ್ಟಪ್ಪಣೆ: ತಮ್ಮತಮ್ಮಲ್ಲಿ ಸೆಣಸುವಂತಿಲ್ಲ. ಪೈಪೋಟಿ ನೋಡಲು ಬಂದವರಿಗೆ ಇದು ನುಂಗಲಾರದ ತುತ್ತು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ರಾತ್ರಿಯಿಡೀ ಕೂತು ಕಾರು ಜೋಡಿಸುವ ಮೆಕ್ಯಾನಿಕ್‌ಗಳ ಸಂಬಳವೂ ಆ ಅಪ್ಪಣೆಯಲ್ಲೇ ಅಡಗಿತ್ತು.

ಸಂಬಳ ಎಂದೊಡನೆ 2012ರ ಅಕ್ಟೋಬರ್ ಕಣ್ಣಿಗೆ ಕಟ್ಟುತ್ತದೆ. ಮಲ್ಯರ ಕಿಂಗ್‌ಫಿಷರ್ ವಿಮಾನಗಳು ನೆಲಕಚ್ಚಿದ್ದವು, ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಯಲ್ಲಿದ್ದರು. ಅದೇ ತಿಂಗಳ 28ರಂದು ಗ್ರೇಟರ್ ನೋಯ್ಡಾದ ಟ್ರ್ಯಾಕ್‌ನಲ್ಲಿ ಫೋರ್ಸ್ ಇಂಡಿಯಾ ಕಾರುಗಳು ಭೋರಿಟ್ಟು ಓಡಿದವು. ಆ ಸದ್ದು ನೌಕರರ ಮನೆಯ ಟಿವಿಯಲ್ಲಿ ಹೇಗೆ ಕೇಳಿಸಿರಬೇಕು!

2018ರ ಜುಲೈನಲ್ಲಿ ನೆಲಕಚ್ಚುವ ಸರದಿ ತಂಡದ್ದಾಯಿತು. ತಮಗೆ ಬರಬೇಕಿದ್ದ ಬಾಕಿಗಾಗಿ ಕೋರ್ಟಿಗೆ ಹೋದದ್ದು ಸ್ವತಃ ಪೆರೆಜ್. ತಂಡ ಪೂರ್ತಿ ಮುಚ್ಚಿಹೋಗದಿರಲೆಂದೇ ಹೋದೆ ಎಂದರು. ಕೆನಡಾದ ಸಿರಿವಂತ ಲಾರೆನ್ಸ್ ಸ್ಟ್ರೋಲ್ ಮುಂದಾಳತ್ವದ ಕೂಟ ತಂಡವನ್ನು ಕೊಂಡಿತು. 405 ಜನರ ಕೆಲಸ ಉಳಿಯಿತು, ಆವರೆಗೆ ಗಳಿಸಿದ್ದ 59 ಅಂಕ ಸೊನ್ನೆಯಾಯಿತು. ಸ್ಪಾದಲ್ಲಿ ಆ ಸೊನ್ನೆಯಿಂದ ಹೊರಟ ಗುಲಾಬಿ ಕಾರುಗಳು ಐದನೆಯದು, ಆರನೆಯದಾಗಿ ಗುರಿ ಮುಟ್ಟಿದವು.

ಒಕಾನ್‌ಗೆ ಮುಂದಿನ ವರ್ಷ ಸೀಟು ಸಿಗಲಿಲ್ಲ. ಆ ಜಾಗಕ್ಕೆ ಬಂದದ್ದು ಮಾಲೀಕರ ಮಗ ಲ್ಯಾನ್ಸ್ ಸ್ಟ್ರೋಲ್. 2020ರಲ್ಲಿ ಪೆರೆಜ್‌ಗೂ ಬೇರೆ ಕಡೆ ನೋಡಿಕೊಳ್ಳುವಂತೆ ಹೇಳಿಯಾಗಿತ್ತು. ಆ ಡಿಸೆಂಬರ್ 6ರಂದು ಬಹ್ರೇನ್‌ನಲ್ಲಿ, ಮೊದಲ ಸುತ್ತಿನಲ್ಲೇ ಡಿಕ್ಕಿಯಾಗಿ ಕಟ್ಟಕಡೆಗೆ ಬಿದ್ದ ಪೆರೆಜ್ ಒಂದೊಂದೇ ಕಾರು ದಾಟುತ್ತ ಬಂದರು. ಸಿರಿವಂತ ಮರ್ಸಿಡಿಸ್ ತಂಡ ಅಂದು ಒಬ್ಬ ಚಾಲಕನ ಟೈರನ್ನು ಇನ್ನೊಬ್ಬನ ಕಾರಿಗೆ ಹಾಕಿ ಕೆಟ್ಟಿತು. ಪೆರೆಜ್ ಮೊದಲಿಗರು, ರೆನೊ ತಂಡ ಸೇರಿದ್ದ ಒಕಾನ್ ಎರಡನೆಯವರು, ಲ್ಯಾನ್ಸ್ ಸ್ಟ್ರೋಲ್ ಮೂರನೆಯವರು. ಗೆದ್ದವರ ಕಟ್ಟೆಯ ಮೇಲೆ ನಿಂತ ಮೂವರಲ್ಲಿ ಗುಲಾಬಿ ತಂಡದ ಸೀಟು ಭದ್ರವಾಗಿದ್ದದ್ದು ಮೂರನೆಯವರಿಗೆ ಮಾತ್ರ.