ಶೂನ್ಯ ಟಿಕೆಟ್‌ನಲ್ಲಿ ಗುಬ್ಬಿ, ಕೈದಾಳ, ಕುಣಿಗಲ್: ಅಮ್ಮನ ಜೊತೆ ಒಂದು ಶನಿವಾರ

ಅಮ್ಮನ ಜೊತೆ ಊರಿಗೆ ಹೋಗೋದು ಅಂದ್ರೆ ನಮ್ಮನೇಲಿ ಎರಡೇ ಅರ್ಥ. ಒಂದು ಮದುವೆ, ಇನ್ನೊಂದು ಹರಕೆ. ಯಾವ ಕಾರಣವೂ ಇಲ್ಲದೆ ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೊರಟಿದ್ದು ಇದೇ ಮೊದಲು. ಅದೂ ಅಮ್ಮನೇ ಫೋನ್ ಮಾಡಿ ಕರೆದಳು. "ಬಸ್ಸು ಹೆಂಗೂ ಫ್ರೀ ಅಲ್ವೇನೇ, ಈ ಶನಿವಾರ ಬಾ, ಇಲ್ಲೇ ಅಕ್ಕಪಕ್ಕ ತಿರುಗಾಡೋಣ" ಅಂದಳು. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅಲ್ಲಿಂದ ಇಲ್ಲಿವರೆಗೆ ಅಮ್ಮ ಅದನ್ನು ಬಳಸಿದ್ದು ಆಸ್ಪತ್ರೆಗೆ ಮತ್ತು ಬ್ಯಾಂಕಿಗೆ ಮಾತ್ರ. ಅದು ಅವಳಿಗೂ ಬೇಜಾರಾಗಿತ್ತು ಅಂತ ಕಾಣುತ್ತೆ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀನಿ. ಅಮ್ಮ ತುಮಕೂರಿನಲ್ಲಿ ಒಬ್ಬಳೇ. ಮೂವತ್ತು ವರ್ಷ ಮನೆಯಲ್ಲೇ ಬ್ಲೌಸ್ ಹೊಲಿದುಕೊಂಡು ಬಂದವಳು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರೀತು. ಪ್ಲಾಸ್ಟರ್ ಬಿಚ್ಚಿ ಆರು ತಿಂಗಳಾಯ್ತು, ಮೂಳೆ ಕೂಡಿದೆ. ಆದ್ರೆ ಹೊಲಿಗೆ ನಿಂತಿತ್ತು. "ಇನ್ನೂ ನೋವಿದೆ" ಅನ್ನೋಳು. ನಾನೂ ಜಾಸ್ತಿ ಕೇಳಿರಲಿಲ್ಲ. ಬೆಂಗಳೂರಿಗೆ ಬಂದು ನನ್ನ ಜೊತೆಗಿರು ಅನ್ನೋ ನನ್ನ ವಾದಕ್ಕೆ ಅದು ಅನುಕೂಲವೇ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಕ್ಯಾತ್ಸಂದ್ರದಲ್ಲಿ ಇಳಿದೆ. ಅಮ್ಮ ಆಗಲೇ ಬಂದು ಕಾಯ್ತಿದ್ದಳು. ಇಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನದೆ ಮುಂದಕ್ಕೆ ಹೋದವರನ್ನು ತುಮಕೂರಿನವರು ಕ್ಷಮಿಸಲ್ಲ. ತಿಂದು, ತುಮಕೂರು ಬಸ್‌ಸ್ಟ್ಯಾಂಡಿಗೆ ಬಂದು, ಗುಬ್ಬಿ ಬಸ್ ಹತ್ತಿದೆವು. ಸುಮಾರು 20 ಕಿಲೋಮೀಟರ್. ಕಂಡಕ್ಟರ್ "ಆಧಾರ್ ತೋರ್ಸಿ ಮೇಡಂ" ಅಂದಾಗ ಅಮ್ಮ ಪರ್ಸಿನಿಂದ ಕಾರ್ಡ್ ತೆಗೆದು ತೋರಿಸಿದ ಗತ್ತು ನೋಡಬೇಕಿತ್ತು. ಕೊಟ್ಟ ಶೂನ್ಯ ಟಿಕೆಟನ್ನು ಮಡಚಿ ಜೋಪಾನವಾಗಿ ಒಳಗಿಟ್ಟುಕೊಂಡಳು. "ಬಿಸಾಕಮ್ಮ, ಯಾಕದು?" ಅಂದೆ. "ಲೆಕ್ಕಕ್ಕೆ" ಅಂದಳು.

ಗುಬ್ಬಿ ಅನ್ನೋ ಹೆಸರು ಹಕ್ಕಿಯಿಂದಲೇ ಬಂದಿದ್ದು ಅಂತ ಊರಿನವರ ನಂಬಿಕೆ. ಗೋಸಲ ಚನ್ನಬಸವೇಶ್ವರ ಸ್ವಾಮಿ ದೇವಸ್ಥಾನಕ್ಕೆ ಹೋದೆವು. ಊರಿನವರ ಬಾಯಲ್ಲಿ ಈ ದೇವರು ‘ಗುಬ್ಬಿಯಪ್ಪ’. ಜಗಲಿ ಮೇಲೆ ಕೂತಿದ್ದ ಒಬ್ಬರು ಅಜ್ಜ ನಾವು ಕೇಳೋ ಮೊದಲೇ ಕಥೆ ಶುರು ಮಾಡಿದರು. ಹಿಂದೆ ಅಮರಗೊಂಡದ ಮಲ್ಲಿಕಾರ್ಜುನರು ಇಲ್ಲಿ ಪುರಾಣ ಹೇಳ್ತಿದ್ದರಂತೆ. ದಿನಾ ಎರಡು ಗುಬ್ಬಿಗಳು ಬಂದು ಕೂತು ಕೇಳ್ತಿದ್ದವಂತೆ. ಪುರಾಣ ಮುಗಿದ ದಿನ ಎರಡೂ ಅಲ್ಲೇ ಪ್ರಾಣ ಬಿಟ್ಟವಂತೆ. ಅಮ್ಮ ನನ್ನ ಕಿವಿಯಲ್ಲಿ, "ನೀನೂ ವೆಬ್ ಸೀರೀಸ್ ಮುಗಿದ ದಿನ ಹಿಂಗೇ ಆಡ್ತೀಯ" ಅಂದಳು. ಅಜ್ಜನಿಗೆ ಕೇಳಿಸಿತೋ ಏನೋ, ನಕ್ಕರು.

ಕಥೆ ಕಥೆಯೇ. ಆದರೆ ಪುರಾಣದ ಹುಚ್ಚು ಈ ಊರಿಗೆ ನಿಜವಾಗಿಯೂ ಇತ್ತು. ಅದೇ ಮನೆತನದ ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ‘ಭಾವಚಿಂತಾರತ್ನ’ ಬರೆದ. ಆಮೇಲೆ ಇದೇ ಚನ್ನಬಸವೇಶ್ವರನ ಹೆಸರು ಹೊತ್ತು 1884ರಲ್ಲಿ ಒಂದು ನಾಟಕ ಕಂಪನಿ ಹುಟ್ಟಿತು. ‘ಗುಬ್ಬಿ ಕಂಪನಿ’ ಅಂದ್ರೆ ನಿಮ್ಮ ಅಜ್ಜ ಅಜ್ಜಿಗೆ ಗೊತ್ತಿರುತ್ತೆ, ಕೇಳಿ ನೋಡಿ. ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿದ ವೀರಣ್ಣ ಮುಂದೆ ಅದರ ಒಡೆಯನಾಗಿ, ಗುಬ್ಬಿ ವೀರಣ್ಣ ಅಂತಲೇ ಹೆಸರಾದರು. 1930ರ ದಶಕದ ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬರ್ತಿದ್ದವು. ಗ್ರಾಫಿಕ್ಸ್ ಇಲ್ಲ, ಪರದೆಯೂ ಅಲ್ಲ, ಎದುರಿಗೇ ಆನೆ! ಮುತ್ತುರಾಜ ಅನ್ನೋ ಹುಡುಗ ಪಾತ್ರ ಮಾಡಿ ಪಳಗಿದ್ದು ಈ ಕಂಪನಿಯಲ್ಲಿ. 1954ರಲ್ಲಿ ಇದೇ ಗುಬ್ಬಿ ಬಳಗದ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗಿ ಆತ ರಾಜ್‌ಕುಮಾರ್ ಆದ. ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ಅವರನ್ನು ಓದೋಕೆ ಅಂತ ಬನಾರಸ್‌ಗೆ ಕಳಿಸಿದ್ದು ವೀರಣ್ಣನವರೇ.

ಅಮ್ಮನ ಹತ್ತಿರ ಇದಕ್ಕೆ ಮನೆಯದೇ ಒಂದು ಕಥೆ ಇದೆ. ನಮ್ಮ ತಾತ ಗುಬ್ಬಿ ಕಂಪನಿ ನಾಟಕ ನೋಡೋಕೆ ಹೋಗಿ, ಬೆಳಗಿನ ಜಾವದವರೆಗೆ ಕೂತು, ವಾಪಸ್ ಬರುವಾಗ ಎತ್ತಿನ ಗಾಡಿಯಲ್ಲೇ ನಿದ್ದೆ ಹೋಗಿದ್ದರಂತೆ. ಎತ್ತುಗಳು ತಾವಾಗೇ ಮನೆಗೆ ತಂದು ನಿಲ್ಲಿಸಿದ್ದವಂತೆ. ಅಜ್ಜಿ ಮೂರು ದಿನ ಮಾತಾಡಿಸಿರಲಿಲ್ಲ. "ನಾಟಕಕ್ಕೆ ಹೋಗಿದ್ದಕ್ಕಲ್ಲ, ಒಬ್ಬರೇ ಹೋಗಿದ್ದಕ್ಕೆ" ಅಂತ ಅಮ್ಮ ಸೇರಿಸಿದಳು. ಈ ಕೊನೇ ಸಾಲು ನಾನು ಹಿಂದೆ ಕೇಳಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಗುಬ್ಬಿಯಲ್ಲಿ ಟೂರಿಸ್ಟ್ ಸ್ಪಾಟ್ ಹುಡುಕಿದ್ರೆ ನಿರಾಶೆ ಆಗುತ್ತೆ. ಸೆಲ್ಫಿ ಪಾಯಿಂಟ್ ಇಲ್ಲ. ತೆಂಗು, ಅಡಿಕೆ ತೋಟಗಳ ಮಧ್ಯದ ಸಾಧಾರಣ ತಾಲ್ಲೂಕು ಊರು. ಇಲ್ಲಿನ ಮಜಾ ಇರೋದು ಮಾತಾಡಿಸೋದರಲ್ಲಿ. ಅದೇ ಅಜ್ಜ ಹೊರಡುವಾಗ, "ಈಗ ನಮ್ ತಾಲ್ಲೂಕಲ್ಲಿ ಗುಬ್ಬಿ ಅಲ್ಲ ತಾಯಿ, ಹೆಲಿಕಾಪ್ಟರ್ರೇ ಹಾರ್ತಾವೆ" ಅಂದರು. ನಿಜ. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಜೂನ್ ತಿಂಗಳಾದ್ದರಿಂದ ಹಲಸಿನ ಕಾಲ. ಚೇಳೂರು ಕಡೆಯ ಹಲಸು ಹೆಸರುವಾಸಿ, ಕೆಂಪು ತೊಳೆಯ ‘ಸಿದ್ದು’ ತಳಿ ಅಲ್ಲಿಯದೇ. ನಮಗೆ ಸಿಕ್ಕಿದ್ದು ಮಾಮೂಲಿ ಹಳದಿ ತೊಳೆ. ಇಪ್ಪತ್ತು ರೂಪಾಯಿಗೆ ಒಂದು ಕವರ್. ಆ ದಿನದ ದೊಡ್ಡ ಖರ್ಚುಗಳಲ್ಲಿ ಅದೂ ಒಂದು.

ವಾಪಸ್ ತುಮಕೂರಿಗೆ ಬಂದು ಕುಣಿಗಲ್ ರಸ್ತೆ ಬಸ್ ಹಿಡಿದೆವು. ಗೂಳೂರಿನಲ್ಲಿ ಇಳಿದು ಕೈದಾಳಕ್ಕೆ ಆಟೊ. ಮಧ್ಯಾಹ್ನ ಆಗಿತ್ತು, ಗುಡಿ ಬಾಗಿಲು ಹಾಕಿತ್ತು. ಇದು ನನ್ನದೇ ತಪ್ಪು, ಇಂಥ ಕಡೆ ಬೆಳಿಗ್ಗೆ ಹೋಗಬೇಕು. ಪಕ್ಕದ ಮನೆ ಹುಡುಗ ಓಡಿಹೋಗಿ ಹೇಳಿದ, ಅರ್ಚಕರು ಊಟ ಮುಗಿಸಿ ಬಂದು ತೆಗೆದರು.

ಜಕಣಾಚಾರಿ ಕಥೆ ಗೊತ್ತಲ್ಲ? ಅದರ ಕೊನೇ ಅಂಕ ನಡೆದ ಜಾಗ ಇದು. ಬೇಲೂರಿನಲ್ಲಿ ಅವನು ಕೆತ್ತಿದ ಮೂರ್ತಿಯಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಹೇಳ್ತಾನೆ. ಇದ್ದರೆ ನನ್ನ ಬಲಗೈ ಕಡಿದುಕೊಳ್ತೀನಿ ಅಂತ ಶಿಲ್ಪಿ ಪಣ ತೊಡ್ತಾನೆ. ಮೂರ್ತಿಗೆ ಗಂಧ ಬಳಿದರೆ ಎಲ್ಲ ಕಡೆ ಒಣಗುತ್ತೆ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಇರುತ್ತೆ. ಅಲ್ಲಿ ಒಡೆದರೆ ನೀರು, ಮರಳು, ಜೀವಂತ ಕಪ್ಪೆ! ಕೈ ಹೋಯ್ತು. ಆ ಹುಡುಗ ಡಂಕಣ, ತಾನು ಬಿಟ್ಟು ಬಂದ ಹೆಂಡತಿಯ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಅಂತ ಆಮೇಲೆ ಗೊತ್ತಾಗುತ್ತೆ. ತನ್ನೂರು ಕ್ರೀಡಾಪುರಕ್ಕೆ ಬಂದು ಚನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು, ಊರಿಗೆ ಕೈದಾಳ ಅಂತ ಹೆಸರಾಯ್ತು. 1964ರಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅಮ್ಮ ಅದನ್ನು ಟೆಂಟ್‌ನಲ್ಲಿ ನೋಡಿ ಅತ್ತವಳು.

ಇತಿಹಾಸ ಬೇರೆ ಹೇಳುತ್ತೆ. ಬೇಲೂರಿನ ದೇವಾಲಯ 1117ರದು. ಅಲ್ಲಿನ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ, ಅವುಗಳಲ್ಲಿ ಜಕಣಾಚಾರಿ ಇಲ್ಲ. ಕೈದಾಳದ ಗುಡಿ 1150ರ ಆಸುಪಾಸಿನದು. ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳಿ ಬಾಚಿ ಕಟ್ಟಿಸಿದ್ದು. ಈ ಗೂಳಿ ಬಾಚಿ ಶಿವ, ವಿಷ್ಣು, ಜಿನ ಮೂವರಿಗೂ ಗುಡಿ ಕಟ್ಟಿಸಿದವನು. ಕೇಶವನ ಪಕ್ಕದಲ್ಲೇ ಗಂಗಾಧರೇಶ್ವರ ಇದ್ದಾನೆ. ಆಳೆತ್ತರದ ಕೇಶವ ಮೂರ್ತಿ ಮಾತ್ರ, ಕಥೆ ಗೊತ್ತಿಲ್ಲದವರನ್ನೂ ಎರಡು ನಿಮಿಷ ನಿಲ್ಲಿಸುತ್ತೆ. ಕಂಬದ ಮೇಲಿನ ಒಂದು ಶಿಲ್ಪವನ್ನು ತೋರಿಸಿ ಅರ್ಚಕರು, "ಇವರೇ ಜಕಣಾಚಾರಿ ಅಂತಾರೆ" ಅಂದರು.

ಬೇಲೂರಿನಲ್ಲಿ ನಿಜವಾದ ಅಪ್ಪ ಮಗ ಶಿಲ್ಪಿಗಳೂ ಇದ್ದರು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಲ್ಲಿನ ಮದನಿಕೆಯರಲ್ಲಿ ಕೆಲವರು ಅಪ್ಪನ ಕೈಯವರು, ಕೆಲವರು ಮಗನ ಕೈಯವರು. ಇದನ್ನು ಜಗಲಿ ಮೇಲೆ ಕೂತು ಹಲಸು ತಿನ್ನುತ್ತಾ ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅವರಿಬ್ಬರು ಜೊತೇಲಿ ಕೂತು ಕೆಲಸ ಮಾಡಿದ್ರು, ಅದಕ್ಕೇ ಕೈ ಉಳೀತು. ಇವನ ಮಗ ಎಲ್ಲಿಂದಲೋ ಬಂದ, ಎಲ್ಲರ ಮುಂದೆ ತಪ್ಪು ತೋರಿಸಿದ. ಇವನಿಗೂ ಬುದ್ಧಿ ಇಲ್ಲ, ತಪ್ಪಾಯ್ತು ಕಣಪ್ಪ ಅಂದಿದ್ರೆ ಆಗಿರೋದು. ಆ ಹುಡುಗ ನಿಜಾನೇ ಹೇಳಿದ ಬಿಡು, ಕಪ್ಪೆ ಇದ್ದಿದ್ದು ನಿಜವೇ ಅಲ್ವಾ."

ಹಾಗಂತ ಬಲಗೈ ಹೆಬ್ಬೆರಳಿಂದ ಹಲಸಿನ ಬೀಜ ಬಿಡಿಸಿದಳು. ಸಲೀಸಾಗಿ ಬಿಡಿಸಿದಳು.

ನನಗೆ ಆಗ ನೆನಪಾಯ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಮ್ಮ ಮೊದಲು ಹೊಲಿದಿದ್ದು ನನ್ನದೇ ಬ್ಲೌಸ್, ಚಿಕ್ಕಮ್ಮನ ಮಗಳ ಮದುವೆಗೆ. ಒಂದು ತೋಳು ಅರ್ಧ ಇಂಚು ಉದ್ದ ಬಂದಿತ್ತು. ಮದುವೆ ಮನೇಲಿ, ಚಿಕ್ಕಮ್ಮಂದಿರ ಎದುರಿಗೆ, ಎರಡೂ ಕೈ ಮುಂದೆ ಚಾಚಿ ತೋರಿಸಿ, "ಅಮ್ಮಾ, ಇನ್ನು ಸಾಕು ಮಾಡು" ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಅಮ್ಮನೂ ನಕ್ಕಿದ್ದಳು.

"ನೋವು ಇಲ್ವಾ ಈಗ?" ಅಂದೆ.

"ಚಳಿ ಇದ್ರೆ ಬರುತ್ತೆ."

"ಆ ಬ್ಲೌಸ್..."

"ಬಿಚ್ಚಿ ಸರಿ ಮಾಡ್ಬಹುದು ಕಣೆ, ಒಳಗೆ ಬಟ್ಟೆ ಬಿಟ್ಟಿದ್ದೀನಿ. ನೀನು ಕೊಡ್ಲೇ ಇಲ್ಲ."

ಇದಕ್ಕೆ ಏನು ಹೇಳೋದು? ತಪ್ಪಾಯ್ತಮ್ಮ ಅಂದೆ. "ಹೂಂ" ಅಂದಳು. ಎದ್ದು ಸೀರೆ ಕೊಡವಿಕೊಂಡು, ಕಂಬದ ಶಿಲ್ಪದ ಹತ್ತಿರ ಇನ್ನೊಂದು ಸಲ ಹೋಗಿ, ಅದರ ಉಡುಗೆಯ ನೆರಿಗೆಗಳನ್ನು ತುಂಬ ಹೊತ್ತು ನೋಡಿದಳು. "ಕಲ್ಲಲ್ಲಿ ನೆರಿಗೆ ಎಷ್ಟು ಸಮ ಬಂದಿದೆ ನೋಡು" ಅಂದಳು. ಭಕ್ತಿಗಿಂತ ಅದು ಟೈಲರ್ ಕಣ್ಣು.

ವಾಪಸ್ ಗೂಳೂರಿಗೆ ಬಂದಾಗ ಬಸ್ಸಿಗೆ ಹೊತ್ತಿತ್ತು. ಇಲ್ಲಿನ ಗಣಪತಿಯದೇ ಒಂದು ತಮಾಷೆ. ನಾಡೆಲ್ಲ ಚೌತಿಗೆ ಗಣೇಶನನ್ನು ಕೂರಿಸಿದರೆ, ಗೂಳೂರಿನವರು ಚೌತಿಗೆ ಮಣ್ಣು ಕಲೆಸಿ ಮಾಡೋಕೆ ಶುರು ಮಾಡ್ತಾರೆ. ಬೃಹತ್ ಮೂರ್ತಿ, ಮುಗಿಯೋದೇ ದೀಪಾವಳಿ ಹೊತ್ತಿಗೆ. ಬಲಿಪಾಡ್ಯಮಿಯಿಂದ ಒಂದು ತಿಂಗಳು ಪೂಜೆ, ಆಮೇಲೆ ಮೆರವಣಿಗೆ ಮಾಡಿ ಊರ ಕೆರೆಯಲ್ಲಿ ವಿಸರ್ಜನೆ. ಡೆಡ್‌ಲೈನ್ ತಪ್ಪಿಸಿಕೊಂಡ ಪ್ರಾಜೆಕ್ಟ್ ಥರ ಕಾಣುತ್ತೆ, ಆದರೆ ಇವರ ಡೆಡ್‌ಲೈನೇ ಬೇರೆ. ಜೂನ್‌ನಲ್ಲಿ ನೋಡೋಕೆ ಮೂರ್ತಿ ಇರಲಿಲ್ಲ.

ಕುಣಿಗಲ್ ತಲುಪುವ ಹೊತ್ತಿಗೆ ನಾಲ್ಕೂವರೆ. ಶಿವ ಕುಣಿದ ಕಲ್ಲು, ಅದಕ್ಕೇ ಕುಣಿಗಲ್ ಅಂತ ಒಂದು ಐತಿಹ್ಯ. ಊರಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು. ಅವನ ಸೈನ್ಯಕ್ಕೆ ಕುದುರೆ ಸಾಕಿದ ನೆಲ, ಆಮೇಲೆ ಬ್ರಿಟಿಷರ ಕೈಗೆ, ಮೈಸೂರು ಸರ್ಕಾರದ ಕೈಗೆ, ಕೊನೆಗೆ ಗುತ್ತಿಗೆಗೆ ಹೋಗಿ ರೇಸ್ ಕುದುರೆಗಳ ತಳಿ ಕೇಂದ್ರವಾಯ್ತು. ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗಿಲ್ಲ. ದೂರದಿಂದ ಎರಡು ಕುದುರೆ ಕಂಡವು, ಒಂದು ಮರಿ. ಅಮ್ಮನಿಗೆ ಅಷ್ಟೇ ಸಾಕಾಯ್ತು. ನನಗೆ ಸಾಕಾಗಲಿಲ್ಲ, ಮುಂದಿನ ಸಲ ಮೊದಲೇ ಕೇಳಿಕೊಂಡು ಬರಬೇಕು.

ಕೆರೆ ಏರಿ ಮೇಲೆ ಸಂಜೆ ಗಾಳಿ ಜೋರು. ಕುಣಿಗಲ್ ಕೆರೆಯ ಜನಪದ ಹಾಡನ್ನು ಶಾಲೆಯಲ್ಲಿ ಹಾಡದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಾರರು. ಅಮ್ಮ ಗುನುಗಿದಳು, ಎರಡನೇ ಚರಣ ಮರೆತಳು, ನನ್ನ ಕಡೆ ನೋಡಿದಳು. ನನಗೂ ಬರಲಿಲ್ಲ. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಮುಂದುವರಿಸಿದರು, ಪೂರ್ತಿ. ಹತ್ತು ರೂಪಾಯಿಯ ಕಡಲೆಕಾಯಿ ಜೊತೆ ಅದು ಬಿಟ್ಟಿ.

ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರದೂ ಬೇರೆ ಬೇರೆ ದಾರಿ. ಅವಳು ತುಮಕೂರಿಗೆ, ನಾನು ಬೆಂಗಳೂರಿಗೆ, ಸುಮಾರು 70 ಕಿಲೋಮೀಟರ್. ಬೆಂಗಳೂರಿಗೆ ಬಂದುಬಿಡು ಅನ್ನೋ ಮಾತು ಬಾಯಿಗೆ ಬಂತು, ಆವತ್ತಿಗೆ ನುಂಗಿಕೊಂಡೆ. ತುಮಕೂರು ಬಸ್ ಮೊದಲು ಬಂತು. ಹತ್ತಿ ಕಿಟಕಿ ಪಕ್ಕ ಕೂತು, ಪರ್ಸಿನಿಂದ ಆಧಾರ್ ತೆಗೆದಿಟ್ಟುಕೊಂಡು, ಕಿಟಕಿಯಿಂದ ಕೂಗಿದಳು:

"ಗೂಳೂರು ಗಣಪನ್ನ ನೋಡೋಕೆ ದೀಪಾವಳಿ ಆದ್ಮೇಲೆ ಬಾ. ರಜೆ ಈಗ್ಲೇ ಹಾಕು. ಆ ಬ್ಲೌಸ್ ತಗೊಂಬಾ."