ಹೊಕ್ಕುಳಬಳ್ಳಿಯ ಸಾಕ್ಷ್ಯ: ಮಿನಮಾತಾದ ಪಾದರಸವೂ ಗರ್ಭಸ್ಥ ಶಿಶುವಿನ ಮೆದುಳೂ

ಇತಿಹಾಸದ ಆಧಾರಗಳೆಂದೊಡನೆ ನಮಗೆ ಶಾಸನ, ತಾಮ್ರಪಟ, ಕಡತಗಳೇ ನೆನಪಿಗೆ ಬರುತ್ತವೆ. ಆದರೆ ಇಪ್ಪತ್ತನೆಯ ಶತಮಾನದ ಮಹಾದುರಂತವೊಂದಕ್ಕೆ ಒಣಗಿದ ಹೊಕ್ಕುಳಬಳ್ಳಿಗಳೂ ಸಾಕ್ಷಿಯಾಗಿವೆ. ಆ ಸಾಕ್ಷ್ಯದ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಜಪಾನಿನ ಕ್ಯೂಶೂ ದ್ವೀಪದ ಮಿನಮಾತಾದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆಯು 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸತೊಡಗಿತು. ಅದಕ್ಕೆ ಪಾದರಸದ ಲವಣವನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ಇದರಿಂದುಂಟಾದ ಮೀಥೈಲ್ ಪಾದರಸವು ಕೊಳಚೆ ನೀರಿನೊಡನೆ ಕಡಲನ್ನು ಸೇರಿ, ಮೀನುಗಳಲ್ಲಿ ಸಂಚಯಗೊಂಡು, ಬೆಸ್ತರ ಊಟಕ್ಕೆ ಬಂದಿತು. 1956ರ ಮೇ 1ರಂದು ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥರಾದ ಡಾ. ಹೊಸೊಕಾವಾ ಹಾಜಿಮೆಯವರು ಕಾರಣ ತಿಳಿಯದ ನರರೋಗವನ್ನು ಕುರಿತು ಆರೋಗ್ಯ ಕಚೇರಿಗೆ ವರದಿಮಾಡಿದರು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾನಿಲಯದ ಸಂಶೋಧಕರು ಸಾವಯವ ಪಾದರಸವೇ ಅದಕ್ಕೆ ಕಾರಣವೆಂದು ತಿಳಿಸಿದರು.

ಆದರೆ ಹುಟ್ಟಿನಿಂದಲೇ ರೋಗಪೀಡಿತರಾದ ಮಕ್ಕಳ ವಿಷಯವೇನು? ಜರಾಯುವು ವಿಷವನ್ನು ತಡೆಯುವ ಕೋಟೆಯೆಂದು ಅಂದಿನ ವೈದ್ಯಶಾಸ್ತ್ರ ನಂಬಿತ್ತು. 1961ರಲ್ಲಿ ತರುಣ ವೈದ್ಯ ಹರಾದ ಮಸಾಝುಮಿಯವರು ಒಂದು ಮನೆಯಲ್ಲಿ ಒಂದೇ ಬಗೆಯ ಲಕ್ಷಣಗಳುಳ್ಳ ಅಣ್ಣತಮ್ಮಂದಿರನ್ನು ಕಂಡರು. ಅಣ್ಣನದು ಮಿನಮಾತಾ ರೋಗವೆಂದೂ, ತಮ್ಮನು ಮೀನು ತಿಂದವನಲ್ಲವಾದುದರಿಂದ ಅವನದು ಬೇರೆ ವ್ಯಾಧಿಯೆಂದೂ ವೈದ್ಯರು ನಿರ್ಣಯಿಸಿದ್ದರು. ತಾಯಿ ಇದನ್ನು ಒಪ್ಪಲಿಲ್ಲ. ಬಸಿರಿಯಾಗಿದ್ದಾಗ ತಾನು ಆ ಮೀನನ್ನೇ ತಿಂದಿದ್ದೆನೆಂದೂ ಅದರ ವಿಷ ಹೊಟ್ಟೆಯ ಕೂಸಿಗೆ ತಗಲಿತೆಂದೂ ಆಕೆ ವಾದಿಸಿದಳು. 1962ರಲ್ಲಿ ಈ ರೋಗವು ಗರ್ಭದಲ್ಲಿಯೇ ಬರಬಹುದೆಂಬುದು ಅಧಿಕೃತವಾಗಿ ಅಂಗೀಕೃತವಾದಾಗ ಆಕೆಯ ಮಾತೇ ನಿಜವಾಯಿತು.

ಮೀಥೈಲ್ ಪಾದರಸವು ಸಿಸ್ಟೀನ್ ಎಂಬ ಅಮೈನೊ ಆಮ್ಲದೊಡನೆ ಕೂಡಿದಾಗ ಮೀಥಿಯೊನೀನ್ ಎಂಬ ಪೋಷಕಾಂಶವನ್ನು ಹೋಲುತ್ತದೆ. ಆದುದರಿಂದ ಜರಾಯುವನ್ನೂ ಮೆದುಳಿನ ರಕ್ಷಣೆಯನ್ನೂ ದಾಟಿ ಒಳಹೋಗುತ್ತದೆ. ವಯಸ್ಕರಲ್ಲಿ ದೃಷ್ಟಿಕೇಂದ್ರ, ಕಿರುಮೆದುಳು ಮೊದಲಾದ ಕೆಲವು ಭಾಗಗಳಿಗೆ ಹೆಚ್ಚಿನ ಹಾನಿಯಾಗುತ್ತದೆ. ಗರ್ಭದಲ್ಲಾದರೋ ನರಕೋಶಗಳು ಇನ್ನೂ ವಿಭಜನೆಗೊಂಡು ತಮ್ಮ ನೆಲೆಗಳತ್ತ ಸಾಗುತ್ತಿರುತ್ತವೆ. ಆ ಬೆಳವಣಿಗೆಯೇ ಕೆಡುವುದರಿಂದ ಹಾನಿಯು ಮೆದುಳಿನಾದ್ಯಂತ ವ್ಯಾಪಿಸುತ್ತದೆ. ತಾಯಿ ಬಹುಮಟ್ಟಿಗೆ ಆರೋಗ್ಯವಂತಳಾಗಿ ಕಂಡರೂ ಮಗು ನಡೆಯಲೂ ನುಡಿಯಲೂ ಆಗದೆ ನರಳಿದುದು ಹೀಗೆ.

ಜಪಾನಿನಲ್ಲಿ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಕಾದಿಡುವ ಸಂಪ್ರದಾಯವುಂಟು. ಹರಾದರು ಇವನ್ನು ಮನೆಮನೆಗಳಿಂದ ಸಂಗ್ರಹಿಸಿದರು. ನಿಶಿಗಾಕಿಯವರೊಡನೆ ಅವರು ನಡೆಸಿದ ಪರೀಕ್ಷೆಯ ಫಲಿತಾಂಶವು 1975ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರ್ಖಾನೆಯ ಉತ್ಪಾದನೆ ಏರಿದಂತೆ, ಆ ಕಾಲದಲ್ಲಿ ಹುಟ್ಟಿದವರ ಬಳ್ಳಿಗಳಲ್ಲಿ ಮೀಥೈಲ್ ಪಾದರಸವೂ ಏರಿತ್ತು.

ಅಲ್ಪಪ್ರಮಾಣವೂ ನಿರಪಾಯವಲ್ಲ. ತಿಮಿಂಗಿಲದ ಮಾಂಸ ತಿನ್ನುವ ಫೆರೋ ದ್ವೀಪಗಳಲ್ಲಿ 1986-87ರಲ್ಲಿ ಹುಟ್ಟಿದ ಮಕ್ಕಳನ್ನು ಏಳನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಜನನಕಾಲದಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಹೆಚ್ಚಿದ್ದವರು ಭಾಷೆ, ಅವಧಾನ, ಸ್ಮರಣೆಗಳಲ್ಲಿ ಹಿಂದುಳಿದುದು ಕಂಡುಬಂದಿತು.

ಮಿನಮಾತಾದಲ್ಲಿ ಆ ಉತ್ಪಾದನೆ ನಿಂತದ್ದೂ, ಸರ್ಕಾರ ಕಾರಣವನ್ನು ಒಪ್ಪಿದ್ದೂ 1968ರಲ್ಲಿ. ಸಂಶೋಧಕರು ಕಾರಣವನ್ನು ತಿಳಿಸಿದ ಮೇಲೆ ಒಂಬತ್ತು ವರ್ಷಗಳು ಕಳೆದಿದ್ದವು. ಗರ್ಭದಲ್ಲಿ ಬೆಳೆಯುವ ಮೆದುಳಿಗಾದರೋ ಒಂಬತ್ತು ತಿಂಗಳೇ ನಿರ್ಣಾಯಕ. ಆದುದರಿಂದ ಕಚೇರಿಯ ಕಡತಗಳಿಗಾಗಿ ಕಾಯದೆ ತಾಯಂದಿರ ಮಾತನ್ನೂ ಆಧಾರವೆಂದು ಪರಿಗಣಿಸುವುದು ವೈದ್ಯರಿಗೆ ಹೇಗೋ ಇತಿಹಾಸದ ವಿದ್ಯಾರ್ಥಿಗಳಾದ ನಮಗೂ ಹಾಗೆಯೇ ಕರ್ತವ್ಯವಾಗಿದೆ.