ನೋಡುಗನಿಗೆ ಗೊತ್ತು, ನಾಯಕನಿಗೆ ಗೊತ್ತಿಲ್ಲ

ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ. ಬೆಳೆ ಒಣಗುತ್ತಿದೆ, ದನಕರುಗಳು ಸಾಯುತ್ತಿವೆ, ಕೂಸುಗಳು ಬಸಿರಿನಲ್ಲೇ ಅಳಿಯುತ್ತಿವೆ. ಹಿಂದಿನ ದೊರೆ ಲೇಯಸ್‌ನನ್ನು ಕೊಂದವನು ಊರಿನಲ್ಲೇ ಇದ್ದಾನೆ, ಅವನಿಗೆ ಶಿಕ್ಷೆಯಾಗದೆ ಪಿಡುಗು ತೊಲಗದು ಎಂದು ಡೆಲ್ಫಿಯ ದೈವವಾಣಿ ತಿಳಿಸಿದೆ. ದೊರೆ ಈಡಿಪಸ್ ಜನರೆದುರು ನಿಂತು ಆ ಕೊಲೆಗಾರನಿಗೆ ಶಾಪ ಹಾಕುತ್ತಾನೆ. ತನಗೆ ತಿಳಿದೂ ಅವನು ತನ್ನ ಮನೆಯಲ್ಲೇ ಆಶ್ರಯ ಪಡೆದಿದ್ದರೆ ಆ ಶಾಪ ತನಗೇ ತಟ್ಟಲಿ ಎನ್ನುತ್ತಾನೆ. ಲೇಯಸ್ ತನ್ನ ಹೆತ್ತ ತಂದೆಯೋ ಎಂಬಂತೆ ಅವನ ಪರವಾಗಿ ಹೋರಾಡುವುದಾಗಿ ಮಾತು ಕೊಡುತ್ತಾನೆ.

ಲೇಯಸ್ ಅವನ ಹೆತ್ತ ತಂದೆಯೇ. ಕೊಂದವನೂ ಈಡಿಪಸ್‌ನೇ. ಈ ಸಂಗತಿ ರಂಗದ ಮೇಲಿರುವ ಅವನಿಗೆ ಗೊತ್ತಿಲ್ಲ. ಎದುರಿಗೆ ಕುಳಿತ ಪ್ರೇಕ್ಷಕರೆಲ್ಲರಿಗೂ ಗೊತ್ತು. ಆಡಿದ ಮಾತು ಒಂದೇ, ಆಡಿದವನಿಗೆ ಒಂದು ಅರ್ಥ, ಕೇಳಿದವರಿಗೆ ಇನ್ನೊಂದು. ಗ್ರೀಕ್ ದುರಂತ ನಾಟಕಗಳ ಶಕ್ತಿಯ ದೊಡ್ಡ ಪಾಲು ಅಡಗಿರುವುದು ಈ ಅಂತರದಲ್ಲಿ. ವಿಮರ್ಶಕರು ಇದನ್ನು ‘ನಾಟಕೀಯ ವ್ಯಂಗ್ಯ’ ಎನ್ನುತ್ತಾರೆ.

ಕುಹಕವಲ್ಲದ ವ್ಯಂಗ್ಯ

ಕನ್ನಡದ ದಿನಬಳಕೆಯಲ್ಲಿ ‘ವ್ಯಂಗ್ಯ’ ಎಂದರೆ ಚುಚ್ಚುಮಾತು. ಇಲ್ಲಿ ಆ ಅರ್ಥ ಸಲ್ಲದು. ಮಾತಿನ ಹಿಂದೆ ಹೊಳೆಯುವ ಬೇರೊಂದು ಅರ್ಥವನ್ನೇ ಸಂಸ್ಕೃತ ಕಾವ್ಯಮೀಮಾಂಸಕರು ವ್ಯಂಗ್ಯಾರ್ಥ ಎಂದು ಕರೆದರು. ಗ್ರೀಕ್ ನಾಟಕದ ಸಂದರ್ಭಕ್ಕೆ ಆ ಹಳೆಯ ಅರ್ಥವೇ ಹತ್ತಿರ. ಗ್ರೀಕರ ‘ಐರೊನೇಯಾ’ ಎಂಬ ಪದಕ್ಕೆ ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸುವುದು ಎಂಬ ಅರ್ಥವಿತ್ತು. ಸಾಕ್ರೆಟಿಸ್‌ನ ಮೇಲೆ ಅವನ ಎದುರಾಳಿಗಳು ಹೊರಿಸುತ್ತಿದ್ದ ಆಪಾದನೆಯೂ ಇದೇ. ಈ ಪದವನ್ನು ಸೊಫೊಕ್ಲಿಸ್‌ನ ನಾಟಕಗಳಿಗೆ ಅನ್ವಯಿಸಿ ಇಂಗ್ಲೆಂಡಿನ ವಿದ್ವಾಂಸ ಕಾನಪ್ ಥರ್ಲ್‌ವಾಲ್ ಪ್ರಬಂಧ ಬರೆದದ್ದು 1833ರಲ್ಲಿ. ಹೆಸರು ಹೊಸದು, ತಂತ್ರ ಮಾತ್ರ ಎರಡೂವರೆ ಸಾವಿರ ವರ್ಷ ಹಳೆಯದು.

ಈ ತಂತ್ರ ಫಲಿಸಬೇಕಾದರೆ ಕಥೆ ಮೊದಲೇ ಗೊತ್ತಿರಬೇಕು. ಅಥೆನ್ಸಿನ ಜನಕ್ಕೆ ಅದು ಗೊತ್ತಿತ್ತು. ಈಡಿಪಸ್‌ನ ಕಥೆ ಹೋಮರನ ‘ಒಡಿಸ್ಸಿ’ಯಲ್ಲೇ ಬರುತ್ತದೆ. ಕ್ರಿ.ಪೂ. 467ರಲ್ಲಿ ಈಸ್ಕಿಲಸ್ ಇದೇ ಮನೆತನದ ಮೇಲೆ ನಾಟಕಗಳನ್ನು ಆಡಿಸಿದ್ದ. ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಕುಳಿತು ಕೆಳಗಿನ ರಂಗವನ್ನು ನೋಡುತ್ತಿದ್ದ ಪ್ರೇಕ್ಷಕರು, ಮುಂದೇನು ಎಂಬ ಕುತೂಹಲಕ್ಕಾಗಿ ಬಂದವರಲ್ಲ. ಆಗುವುದನ್ನೆಲ್ಲ ಬಲ್ಲ ದೇವತೆಗಳಂತೆ ಅವರು ಮೇಲೆ ಕುಳಿತಿರುತ್ತಿದ್ದರು. ಆದರೆ ದೇವತೆಗಳಿಗಿರುವ ಶಕ್ತಿ ಅವರಿಗಿರಲಿಲ್ಲ. ಕೂಗಿ ಎಚ್ಚರಿಸುವಂತಿಲ್ಲ, ತಡೆಯುವಂತಿಲ್ಲ.

ಮೂವರು ನಾಟಕಕಾರರು, ಮೂರು ಬಗೆ

ಈ ಉಪಾಯವನ್ನು ಮೂವರು ಮಹಾ ನಾಟಕಕಾರರೂ ಬಳಸಿದರು, ಆದರೆ ಒಂದೇ ರೀತಿಯಲ್ಲಿ ಅಲ್ಲ. ಕ್ರಿ.ಪೂ. 458ರಲ್ಲಿ ಪ್ರದರ್ಶನಗೊಂಡ ಈಸ್ಕಿಲಸ್‌ನ ‘ಅಗಮೆಮ್ನಾನ್’ನಲ್ಲಿ ಮಾತಾಡುವವಳಿಗೆ ಎಲ್ಲವೂ ಗೊತ್ತು. ಟ್ರಾಯ್ ಗೆದ್ದು ಬಂದ ಗಂಡನ ಕಾಲಡಿಗೆ ರಾಣಿ ಕ್ಲೈಟೆಮ್ನೆಸ್ಟ್ರಾ ಬೆಲೆಬಾಳುವ ಕೆಂಬಣ್ಣದ ವಸ್ತ್ರ ಹಾಸಿ, ನ್ಯಾಯದೇವತೆಯೇ ಅವನನ್ನು ಒಳಗೆ ಕರೆದೊಯ್ಯಲಿ ಎನ್ನುತ್ತಾಳೆ. ಅವನಿಗೆ ಅದು ಸ್ವಾಗತ. ಮಗಳನ್ನು ಬಲಿಕೊಟ್ಟ ಗಂಡನನ್ನು ಕೊಲ್ಲಲು ಕಾದಿರುವ ಅವಳಿಗೆ ಅದು ತೀರ್ಪು.

ಯೂರಿಪಿಡೀಸ್‌ನ ಮರಣಾನಂತರ ರಂಗಕ್ಕೆ ಬಂದ ‘ಬ್ಯಾಕೆ’ಯಲ್ಲಿ ವ್ಯಂಗ್ಯವಾಡುವವನು ದೇವರೇ. ಹೆಂಗಸಿನ ವೇಷ ತೊಟ್ಟು ಬೆಟ್ಟಕ್ಕೆ ಹೊರಟ ದೊರೆ ಪೆಂಥಿಯಸ್‌ಗೆ, ನಿನ್ನನ್ನು ನಿನ್ನ ತಾಯಿಯೇ ಕೈಯಲ್ಲಿ ಹೊತ್ತು ತರುತ್ತಾಳೆ ಎಂದು ಡಯೊನೈಸಸ್ ಭರವಸೆ ಕೊಡುತ್ತಾನೆ. ಪೆಂಥಿಯಸ್ ಹಿಗ್ಗುತ್ತಾನೆ. ಉನ್ಮಾದಕ್ಕೆ ಸಿಕ್ಕ ತಾಯಿ ಅಗಾವೆ ಕೊನೆಗೆ ತರುವುದು ಮಗನ ತಲೆಯನ್ನು, ಅದೂ ಸಿಂಹದ ತಲೆಯೆಂದು ಭ್ರಮಿಸಿ.

ಸೊಫೊಕ್ಲಿಸ್‌ನ ಈಡಿಪಸ್ ನಾಟಕದಲ್ಲಿ ಮೋಸಗಾರರೇ ಇಲ್ಲ. ಎಲ್ಲರೂ ಒಳ್ಳೆಯದನ್ನೇ ಬಯಸುತ್ತಾರೆ, ಅದೇ ಮುಳುವಾಗುತ್ತದೆ. ಭವಿಷ್ಯವಾಣಿಯನ್ನು ನಂಬಬೇಡ ಎಂದು ಸಮಾಧಾನ ಹೇಳುವ ರಾಣಿ ಯೊಕಾಸ್ಟಾ, ಮೂರು ದಾರಿ ಕೂಡುವಲ್ಲಿ ಲೇಯಸ್ ಸತ್ತ ಎಂದುಬಿಡುತ್ತಾಳೆ. ಅಂಥದೇ ಜಾಗದಲ್ಲಿ ಒಬ್ಬನನ್ನು ಕೊಂದಿದ್ದ ಈಡಿಪಸ್ ಬೆಚ್ಚುತ್ತಾನೆ. ಕಾರಿಂತ್‌ನಿಂದ ಬಂದ ದೂತ, ಪಾಲಿಬಸ್ ದೊರೆ ನಿನ್ನ ಹೆತ್ತ ತಂದೆಯಲ್ಲ ಎಂದು ಹೇಳುವುದು ಈಡಿಪಸ್‌ನ ಭಯ ನೀಗಲೆಂದೇ. ಆ ಸಿಹಿಸುದ್ದಿಯಿಂದಲೇ ಗುಟ್ಟು ಬಿಚ್ಚಿಕೊಳ್ಳುತ್ತದೆ. ಕಥೆ ಹೀಗೆ ತಿರುಗಿಬೀಳುವುದಕ್ಕೆ ಅರಿಸ್ಟಾಟಲ್ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕೊಡುವ ಉದಾಹರಣೆಯೂ ಇದೇ ದೃಶ್ಯ.

ವಿಧಿಯ ಕೈಗೊಂಬೆಯೇ?

ಈಡಿಪಸ್ ವಿಧಿಯ ಕೈಗೊಂಬೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಅರ್ಧ ಸತ್ಯ. ತಂದೆಯ ಕೊಲೆ, ತಾಯಿಯೊಡನೆ ಮದುವೆ, ಎರಡೂ ನಾಟಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಆಗಿಹೋಗಿವೆ. ರಂಗದ ಮೇಲೆ ನಡೆಯುವುದು ತನಿಖೆ ಮಾತ್ರ. ಅದನ್ನು ಅವನಿಂದ ಯಾವ ದೇವರೂ ಬಲವಂತವಾಗಿ ಮಾಡಿಸುತ್ತಿಲ್ಲ. ಕುರುಡ ಕಾಲಜ್ಞಾನಿ ಟೈರೀಸಿಯಸ್‌ನನ್ನು ಕರೆಸಿದವನು ಅವನೇ. ಸತ್ಯ ತಿಳಿದ ಯೊಕಾಸ್ಟಾ ಇನ್ನು ಸಾಕು ಎಂದು ಬೇಡಿಕೊಂಡಾಗ ಕೇಳದೆ ಮುದಿ ಕುರುಬನನ್ನು ಬಾಯಿ ಬಿಡಿಸಿದವನೂ ಅವನೇ. ಪ್ರಜೆಗಳ ಮೇಲಿನ ಕಾಳಜಿ, ಸತ್ಯ ತಿಳಿಯಬೇಕೆಂಬ ಹಟ, ಇವು ಅವನ ದೊಡ್ಡ ಗುಣಗಳು. ಅವನ್ನು ನೆಚ್ಚಿಯೇ ಅವನು ಹಾಳಾಗುತ್ತಾನೆ. ಸೊಫೊಕ್ಲಿಸ್‌ನ ವ್ಯಂಗ್ಯ ನಾಯಕನನ್ನು ಸಣ್ಣವನನ್ನಾಗಿಸುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ಪರಿಚಿತ ಕಥೆಯಿಲ್ಲದೆ ಈ ಬಗೆಯ ವ್ಯಂಗ್ಯ ನಿಲ್ಲದು ಎಂಬುದಕ್ಕೆ ಕನ್ನಡದಲ್ಲೂ ಒಂದು ನಿದರ್ಶನವಿದೆ. ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಕನ್ನಡಕ್ಕೆ ತಂದಾಗ ಅದು ‘ಅಶ್ವತ್ಥಾಮನ್’ ಆಯಿತು. ಏಜಾಕ್ಸ್ ಯಾರೆಂದು ಅರಿಯದ ಕನ್ನಡಿಗರಿಗೆ ಭಾರತದ ವೀರ ಅಪರಿಚಿತನಲ್ಲ. ಮುಂದೆ 1970ರ ದಶಕದಲ್ಲಿ ಪಿ. ಲಂಕೇಶರ ಅನುವಾದದ ‘ಈಡಿಪಸ್’, ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ಬಯಲುರಂಗಕ್ಕೆ ಬಂದಾಗ ಥೀಬ್ಸಿನ ದೊರೆ ಹೆಸರು ಬದಲಿಸದೆಯೇ ಬಂದ.

ಮೂಲ ನಾಟಕದ ಕೊನೆಯಲ್ಲಿ ಈಡಿಪಸ್ ತನ್ನ ಕಣ್ಣುಗಳನ್ನು ತಾನೇ ಇರಿದುಕೊಂಡು ಹೊರಬರುತ್ತಾನೆ. ಕುರುಡನೆಂದು ಟೈರೀಸಿಯಸ್‌ನನ್ನು ಹಂಗಿಸಿದ್ದವನು ಈಗ ತಾನೇ ಕುರುಡ. ಈಗ ಅವನಿಗೂ ಪ್ರೇಕ್ಷಕರಷ್ಟೇ ಗೊತ್ತು, ಅವನ ಮಾತಿಗೆ ಎರಡು ಅರ್ಥಗಳಿಲ್ಲ. ಮೊದಲು ತಾನೇ ಸಾರಿದ್ದ ಶಿಕ್ಷೆಯಂತೆ ತನ್ನನ್ನು ಊರಿನಿಂದ ಹೊರಗಟ್ಟು ಎಂದು ಅವನು ಕ್ರಿಯಾನ್‌ನನ್ನು ಕೇಳಿಕೊಳ್ಳುತ್ತಾನೆ.